ಮುಳ್ಳು ಇಳಿದರೆ ಬಿಸಿ ಇಳಿಯಿತೇ?

"ಎಂಜಿನ್ ಕುದಿಯುತ್ತಿರುವಾಗಲೂ ಉಷ್ಣತೆ ತೋರಿಸುವ ಮುಳ್ಳು ಕೆಳಗೇ ಇರಲು ಸಾಧ್ಯವೇ?" ಈ ಸಲದ ಮಾತುಕತೆಯಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಇದು. ಸಮಯ ಸಾಲದೆ "ಸಾಧ್ಯ" ಎಂದಷ್ಟೇ ಹೇಳಿ ಮುಗಿಸಬೇಕಾಯಿತು. ಉಳಿದ ಉತ್ತರ ಇಲ್ಲಿದೆ.

2011ರ ಏಪ್ರಿಲ್‌ನಲ್ಲಿ ನಮ್ಮ ಚಿತ್ರೀಕರಣ ತಂಡ ಕರಾವಳಿಯ ಕೆಲಸ ಮುಗಿಸಿ ಚಾರ್ಮಾಡಿ ಘಾಟಿ ಹತ್ತುತ್ತಿತ್ತು. ಹಳೆಯ ವ್ಯಾನು, ಏಳು ಜನ, ಜೊತೆಗೆ ಕ್ಯಾಮೆರಾ, ದೀಪಗಳ ಭಾರ. ಅರ್ಧ ಘಾಟಿಯಲ್ಲಿ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಯಿತು. ಇನ್ನೆರಡು ತಿರುವು ದಾಟುವಷ್ಟರಲ್ಲಿ ಅದೇ ಮುಳ್ಳು ಸರ್ರನೆ ಕೆಳಗಿಳಿಯಿತು. "ಇಳೀತು ಸಾರ್, ಇನ್ನೇನೂ ತೊಂದ್ರೆ ಇಲ್ಲ" ಎಂದರು ಡ್ರೈವರ್. ಭೌತಶಾಸ್ತ್ರ ಓದಿದ್ದ ನಾನೂ ತಲೆಯಾಡಿಸಿದೆ. ಐದೇ ನಿಮಿಷದಲ್ಲಿ ಎಂಜಿನ್ ಟಕಟಕ ಬಡಿದುಕೊಂಡು ನಿಂತುಬಿಟ್ಟಿತು. ನಮ್ಮ ಸಹಾಯಕ ಹುಡುಗ ಕೆಳಗಿಳಿದವನೇ ಟವೆಲ್ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. ಡ್ರೈವರ್ ಅವನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಅಂದು ಅವರು ಮಾಡಿದ ದೊಡ್ಡ ಕೆಲಸ ಅದು. ಅದರ ಲೆಕ್ಕವನ್ನು ಮುಂದೆ ನೋಡೋಣ.

ಮೊದಲು ಮುಳ್ಳಿನ ವಿಷಯ. ಎಂಜಿನ್‌ನಲ್ಲಿ ಇಂಧನ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಹೊರಸಾಗಿಸುವುದು ಸಿಲಿಂಡರ್‌ಗಳ ಸುತ್ತ ಹರಿಯುವ ನೀರು. ಉರಿಯುವ ಅನಿಲದ ಉಷ್ಣತೆ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು. ಇವೆರಡರ ನಡುವೆ ಕಾವಲು ನಿಂತಿರುವುದು ಈ ನೀರೇ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಹೀರುವ ಶಾಖದಿಂದ ಸುಮಾರು 3,500 ಲೀಟರ್ ಗಾಳಿಯನ್ನು ಅಷ್ಟೇ ಬಿಸಿ ಮಾಡಬಹುದು. ನೀರಿರಬೇಕಾದ ಜಾಗದಲ್ಲಿ ಒಂದು ಲೋಟದಷ್ಟು ಗಾಳಿ ಕುಳಿತರೂ ಆ ಭಾಗದ ಲೋಹಕ್ಕೆ ತಂಪೇ ಇಲ್ಲದಂತಾಗುತ್ತದೆ.

ಉಷ್ಣತೆ ಅಳೆಯುವ ಸೆನ್ಸರ್ ಕೂಡ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ನೀರು ಕುದಿದು ಮಟ್ಟ ಕುಸಿದು, ಸೆನ್ಸರ್ ಗಾಳಿಯ ಗುಳ್ಳೆಯೊಳಗೆ ಉಳಿದರೆ ಅದಕ್ಕೆ ಬಿಸಿ ಸರಿಯಾಗಿ ತಾಗುವುದಿಲ್ಲ. ಮುಳ್ಳು ಇಳಿಯುತ್ತದೆ, ಲೋಹ ಕಾಯುತ್ತಲೇ ಇರುತ್ತದೆ. ಇಂದಿನ ಅನೇಕ ಚಿಕ್ಕ ಕಾರುಗಳಲ್ಲಿ ಮುಳ್ಳಿನ ಬದಲು ಕೆಂಪು ದೀಪವಷ್ಟೇ ಇರುತ್ತದೆ. ಅದಕ್ಕೂ ಸುದ್ದಿ ಮುಟ್ಟಿಸುವುದು ಇಂಥದೇ ಸೆನ್ಸರ್.

ಗಾಳಿ ಒಳಗೆ ಬಂದದ್ದು ಹೇಗೆ? ಹಿಂದಿನ ಸಂಜೆ ರಸ್ತೆ ಬದಿಯ ಒಂದು ಗ್ಯಾರೇಜಿನಲ್ಲಿ ಮೇಲಿನ ರಬ್ಬರ್ ಪೈಪು ಬದಲಿಸಿ, ಬಕೆಟ್ಟಿನಿಂದ ಗಡಿಬಿಡಿಯಲ್ಲಿ ನೀರು ತುಂಬಿಸಿ ಮುಚ್ಚಳ ಹಾಕಿದ್ದರು. ತುಂಬಿದಂತೆ ಕಂಡಿತ್ತು. ಆದರೆ ತಣ್ಣಗಿರುವ ಎಂಜಿನ್‌ನಲ್ಲಿ ಥರ್ಮೋಸ್ಟಾಟ್ ಎಂಬ ಮೇಣದ ಕವಾಟ ಮುಚ್ಚಿರುತ್ತದೆ. ಸುಮಾರು 82ರಿಂದ 88 ಡಿಗ್ರಿಗೆ ಬಂದಾಗ ಮೇಣ ಕರಗಿ ಹಿಗ್ಗಿ ಅದು ತೆರೆಯುತ್ತದೆ. ಅಲ್ಲಿಯವರೆಗೆ ಅದರ ಹಿಂದೆ ಸಿಕ್ಕಿಬಿದ್ದ ಗಾಳಿಗೆ ಹೊರದಾರಿಯಿಲ್ಲ. ಆ ಗಾಳಿ ಪಂಪಿನೊಳಗೆ ಸೇರಿದರೆ ಇನ್ನೂ ಕಷ್ಟ. ತೋಟದ ಪಂಪ್‌ಸೆಟ್ಟಿಗೆ ಗಾಳಿ ಹಿಡಿದಾಗ ಮೋಟಾರು ಗಿರ್ರನೆ ತಿರುಗುತ್ತಿದ್ದರೂ ಹನಿ ನೀರು ಬಾರದೆ, ಮೇಲಿನಿಂದ ನೀರು ಹೊಯ್ದು ಗಾಳಿ ತೆಗೆಯುವುದನ್ನು ಹಳ್ಳಿಯ ವಿದ್ಯಾರ್ಥಿಗಳು ನೋಡಿರುತ್ತೀರಿ. ಕಾರಿನ ನೀರಿನ ಪಂಪು ಅದರ ತಮ್ಮನೇ.

ಎಂಜಿನ್ ಕಾದಾಗಲೆಲ್ಲ ಗಾಳಿಯೇ ಕಾರಣವೆಂದಲ್ಲ. ಪೇಟೆಯ ನಿಲುಗಡೆಯಲ್ಲಿ ಕಾಯ್ದು, ಹೆದ್ದಾರಿಯಲ್ಲಿ ತಣ್ಣಗಾದರೆ ಫ್ಯಾನ್ ಮೇಲೆ ಅನುಮಾನ ಪಡಿ. ಓಡುವಾಗ ಎದುರುಗಾಳಿ ಫ್ಯಾನಿನ ಕೆಲಸ ಮಾಡುತ್ತದೆ. ಪೇಟೆಯಲ್ಲಿ ಸರಿಯಿದ್ದು ಏರಿನಲ್ಲಿ ಮಾತ್ರ ಕಾದರೆ ರೇಡಿಯೇಟರ್ ಕಟ್ಟಿರಬಹುದು. ಮುಳ್ಳು ಮೇಲಕ್ಕೂ ಕೆಳಕ್ಕೂ ಜೋಲಿ ಹೊಡೆಯುತ್ತ, ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದಾಗುತ್ತ, ಎಂಜಿನ್ ಬಿಸಿಯಾಗಿದ್ದರೂ ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಗಾಳಿ ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ಕೆಲವು ಮೆಕ್ಯಾನಿಕ್‌ಗಳು ಇದಕ್ಕೆಲ್ಲ ಥರ್ಮೋಸ್ಟಾಟನ್ನೇ ಕಿತ್ತೆಸೆಯುವುದುಂಟು. ಅದು ಜ್ವರ ಬಂದಿತೆಂದು ಥರ್ಮಾಮೀಟರ್ ಒಡೆದಂತೆ.

ಇನ್ನು ಆ ಮುಚ್ಚಳ. ಸ್ಪ್ರಿಂಗ್ ಇರುವ ರೇಡಿಯೇಟರ್ ಮುಚ್ಚಳ ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು ಒಂದು ವಾತಾವರಣದಷ್ಟು ಹೆಚ್ಚಿಡುತ್ತದೆ. ಹಾಗಾಗಿ ನೀರು 100ರ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ, ಕುಕ್ಕರಿನಂತೆ. ಒಳಗೆ 115 ಡಿಗ್ರಿಯ 5 ಕಿಲೋ ನೀರಿದೆ ಎನ್ನಿ. ಮುಚ್ಚಳ ತೆರೆದ ಕ್ಷಣ ಒತ್ತಡ ಬಿದ್ದು, ನೀರು 100 ಡಿಗ್ರಿಗೆ ಇಳಿಯಲೇಬೇಕು. ಬಿಡುಗಡೆಯಾಗುವ ಶಾಖ 5 × 4.2 × 15, ಅಂದರೆ 315 ಕಿಲೋಜೂಲ್. ಒಂದು ಕಿಲೋ ನೀರನ್ನು ಆವಿ ಮಾಡಲು ಬೇಕಾದ ಗುಪ್ತೋಷ್ಣ ಸುಮಾರು 2,257 ಕಿಲೋಜೂಲ್. ಭಾಗಿಸಿದರೆ 140 ಗ್ರಾಂ ನೀರು ತಕ್ಷಣ ಹಬೆಯಾಗುತ್ತದೆ. 140 ಗ್ರಾಂ ಎಂದರೆ ಒಂದು ಲೋಟಕ್ಕೂ ಕಡಿಮೆ. ಆದರೆ ಆ ಹಬೆಯ ಗಾತ್ರ ಸುಮಾರು 230 ಲೀಟರ್! ಅದು ಕುದಿನೀರನ್ನೂ ಹೊತ್ತುಕೊಂಡು ಮುಖಕ್ಕೇ ಚಿಮ್ಮುತ್ತದೆ. ಟವೆಲ್ ಏನು ತಡೆದೀತು? ಎಂಜಿನ್ ನಿಲ್ಲಿಸಿ, ಮುಟ್ಟಿದರೆ ಪೈಪು ತಣ್ಣಗೆನಿಸುವವರೆಗೆ ಕಾಯಬೇಕು. ಕಾದ ಎಂಜಿನ್‌ಗೆ ತಣ್ಣೀರು ಸುರಿಯಲೂಬಾರದು, ಲೋಹ ಸೀಳುತ್ತದೆ.

ಗಾಳಿ ತೆಗೆಯುವ ಕ್ರಮ ಕಾರಿನಿಂದ ಕಾರಿಗೆ ಸ್ವಲ್ಪ ಬದಲಾಗುತ್ತದೆ. ಕೈಪಿಡಿ ನೋಡುವುದೇ ಸರಿ. ರೇಡಿಯೇಟರ್ ಮೇಲೆ ಮುಚ್ಚಳವಿರುವ ಹಳೆಯ ಗಾಡಿಗಳಲ್ಲಿ ಹೀಗೆ: ತಣ್ಣಗಿರುವಾಗ ಮೂತಿ ತುಸು ಮೇಲಿರುವಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಬೇಕು. ಗಾಳಿ ಬಿಡುವ ತಿರುಪು ಇದ್ದರೆ ಸಡಿಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಕೂಲೆಂಟನ್ನು ನಿಧಾನವಾಗಿ ಹೊಯ್ಯಬೇಕು. ತಿರುಪಿನ ಬಾಯಲ್ಲಿ ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿದು, ಎಂಜಿನ್ ನಿಧಾನವಾಗಿ ಓಡಿಸಬೇಕು. ಥರ್ಮೋಸ್ಟಾಟ್ ತೆರೆಯುವ ಹೊತ್ತಿಗೆ ಸಿಕ್ಕಿಬಿದ್ದ ಗಾಳಿ ಗುಳುಕ್ಕನೆ ಮೇಲೆ ಬಂದು ಮಟ್ಟ ಇಳಿಯುತ್ತದೆ. ಮತ್ತೆ ತುಂಬಿಸಿ ಮುಚ್ಚಳ ಹಾಕಬೇಕು. ಬಾಯಿ ತೆರೆದಿರುವ ಅಷ್ಟು ಹೊತ್ತೂ ಮುಖವನ್ನು ದೂರವಿಡಿ. ಕಲಿಯುವವರು ಗೊತ್ತಿದ್ದವರ ಜೊತೆಯಲ್ಲೇ ಇದನ್ನು ಮಾಡಿ.

ಎಷ್ಟು ಹೊತ್ತು ಕಾದರೂ ಗುಳ್ಳೆ ನಿಲ್ಲದಿದ್ದರೆ, ಬರುತ್ತಿರುವುದು ಸಿಕ್ಕಿಬಿದ್ದ ಗಾಳಿಯಾಗಿರದೆ ಸಿಲಿಂಡರಿನೊಳಗಿನ ಅನಿಲವೇ ಆಗಿರಬಹುದು. ಹೆಡ್ ಗ್ಯಾಸ್ಕೆಟ್ ಒಡೆದಿರಬೇಕು. ನಮ್ಮ ವ್ಯಾನಿನ ಗತಿ ಅದೇ ಆಗಿತ್ತು. ಲಾರಿಯೊಂದರ ಹಿಂದೆ ಹಗ್ಗ ಕಟ್ಟಿಸಿಕೊಂಡು ಕೊಟ್ಟಿಗೆಹಾರ ತಲುಪಿದಾಗ ಕತ್ತಲಾಗಿತ್ತು. ಹೆಡ್ ಬಿಚ್ಚಿದ ಮೆಕ್ಯಾನಿಕ್ ಅದರ ಮೇಲೆ ಉಕ್ಕಿನ ಪಟ್ಟಿಯೊಂದನ್ನು ಇಟ್ಟು ತೋರಿಸಿದರು. ನಡುವೆ ಬೆಳಕು ಕಾಣುತ್ತಿತ್ತು.