ಕ್ಯಾಲಿಕೋ: ಹಾಳೂರಿಗೆ ಮರುಜೀವ

ಅಮೆರಿಕದ ಮೊಹಾವೀ ಮರುಭೂಮಿಯಲ್ಲಿರುವ ಕ್ಯಾಲಿಕೋ ಎಂಬ ಊರಿನ ಹೆಸರಿನ ಬೇರು ನಮ್ಮ ನೆರೆಯ ಕಲ್ಲಿಕೋಟೆಯಲ್ಲಿದೆ. ಅಲ್ಲಿಂದ ಹಡಗೇರಿ ಹೋದ ಹತ್ತಿಬಟ್ಟೆಗೆ ಇಂಗ್ಲಿಷರು ಇಟ್ಟ ಹೆಸರದು. ಬಣ್ಣಬಣ್ಣದ ಚೀಟಿ ಬಟ್ಟೆ ಹಾಸಿದಂತೆ ಕಂಡ ಬೆಟ್ಟಕ್ಕೂ ಅದೇ ಹೆಸರು ಅಂಟಿತು.

1881ರಲ್ಲಿ ಇಲ್ಲಿ ಬೆಳ್ಳಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಸೇರಿದರು; ಪಾನಗೃಹ, ಅಂಗಡಿ, ಶಾಲೆ ಎದ್ದವು. ಗಣಿಗಳಿಗೆ ಅಂಚೆ ಹೊತ್ತೊಯ್ಯಲು ಡಾರ್ಸಿ ಎಂಬ ನಾಯಿಯೂ ಇತ್ತು! 1890ರ ದಶಕದಲ್ಲಿ ಬೆಳ್ಳಿಯ ಧಾರಣೆ ಕುಸಿಯಿತು. ಬೆಟ್ಟದಲ್ಲಿ ಅದಿರು ಬರಿದಾಗಿರಲಿಲ್ಲ, ಅಗೆದ ಕೂಲಿ ಗಿಟ್ಟುತ್ತಿರಲಿಲ್ಲ ಅಷ್ಟೆ. 1898ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು.

1951ರಲ್ಲಿ ವಾಲ್ಟರ್ ನಾಟ್ ಈ ಹಾಳೂರನ್ನು ಕೊಂಡರು. ಹಣ್ಣಿನ ಕೃಷಿಯಿಂದ ಸಿರಿವಂತರಾದ ಅವರು, ತಮ್ಮ ತೋಟದಲ್ಲಿ ಅದಾಗಲೇ ಒಂದು ಕೃತಕ ಹಾಳೂರನ್ನು ಕಟ್ಟಿ ಜನರನ್ನು ಸೆಳೆದಿದ್ದವರು. ಹಳೆಯ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಕ್ಯಾಲಿಕೋದ ಬೀದಿಯನ್ನು ಮತ್ತೆ ಎಬ್ಬಿಸಿದರು. 1966ರಲ್ಲಿ ಸ್ಯಾನ್ ಬರ್ನಾರ್ಡಿನೋ ಕೌಂಟಿಗೆ ದಾನವಿತ್ತರು.

ಪ್ರವಾಸಿಗರು ಈಗ ಟಿಕೆಟ್ ಕೊಂಡು ಒಳಹೋಗುತ್ತಾರೆ, ಪುಟ್ಟ ರೈಲು ಹತ್ತುತ್ತಾರೆ. ಆದರೆ ನಿಜಕ್ಕೂ ಹಳೆಯ ಕಟ್ಟಡಗಳು ಬೆರಳೆಣಿಕೆಯಷ್ಟೇ. ಅದೇ ರಾಜ್ಯದ ಬೋಡಿ ಎಂಬ ಚಿನ್ನದೂರಿನ ರೀತಿ ಬೇರೆ: ಅಲ್ಲಿ ಮನೆಗಳು ಬೀಳದಂತೆ ಊರೆಗೋಲು ಕೊಡುತ್ತಾರೆ, ಹೊಸದಾಗಿ ಕಟ್ಟುವುದಿಲ್ಲ. ಇತಿಹಾಸ ಬಲ್ಲವರಿಗೆ ಬೋಡಿಯೇ ಮೆಚ್ಚು. ಮಕ್ಕಳನ್ನು ಕರೆದೊಯ್ಯುವವರಿಗೆ ಕ್ಯಾಲಿಕೋ. ಆದರೂ ಇಲ್ಲಿನ ಮ್ಯಾಗಿ ಗಣಿಯ ಸುರಂಗ ಹೊಕ್ಕವರಿಗೆ ಕಾಣುವ ಬಂಡೆ, ಆ ಗಣಿಗಾರರು ಕೈಯಾರೆ ಕಡಿದದ್ದೇ.