ತಪ್ಪು ಶಾಸಕರದ್ದು, ಶಿಕ್ಷೆ ಯಾರಿಗೆ?

ಸದನದಲ್ಲಿ ಗಲಾಟೆ ಆದಾಗಲೆಲ್ಲ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು ಓಡಾಡುತ್ತೆ: "ಶಾಲೆ ಮಕ್ಕಳೇ ಇವರಿಗಿಂತ ವಾಸಿ. ಎಲ್ಲರನ್ನೂ ಆಚೆ ಹಾಕಬೇಕು." ಮೊದಲನೇ ವಾಕ್ಯ ನಾನೂ ಒಪ್ತೀನಿ. ಎರಡನೆಯದರಲ್ಲಿ ಒಂದು ಸಮಸ್ಯೆ ಇದೆ. ಇವತ್ತಿನ ವಿಷಯ ಅದೇ.

ಮೊದಲು ನಿಯಮಗಳನ್ನ ನೋಡೋಣ. ಲೋಕಸಭೆಯ ನಡಾವಳಿ ನಿಯಮ 349 ಓದಿದರೆ ಶಾಲೆಯ ಗೋಡೆಗೆ ಅಂಟಿಸಿದ ಪಟ್ಟಿ ಥರಾನೇ ಇದೆ. ಇನ್ನೊಬ್ಬರು ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡಿ. ಮಾತಾಡುವ ಸರದಿ ನಿಮ್ಮದಲ್ಲದಿದ್ದರೆ ಸುಮ್ಮನಿರಿ. ಕಲಾಪಕ್ಕೆ ಸಂಬಂಧವಿಲ್ಲದ ಪುಸ್ತಕ, ಪತ್ರಿಕೆ ಓದಬೇಡಿ. ಒಳಗೆ ಬರುವಾಗ, ಹೋಗುವಾಗ ಪೀಠಕ್ಕೆ ತಲೆಬಾಗಿ. ಅಂದರೆ ಮಕ್ಕಳಿಗೆ ಹೇಳುವ ಶಿಸ್ತನ್ನೇ ದೊಡ್ಡವರಿಗೂ ಬರೆದಿಟ್ಟಿದ್ದಾರೆ. ಕೊರತೆ ಇರೋದು ಮುರಿದ ಮೇಲೆ ಏನಾಗುತ್ತೆ ಅನ್ನೋದರಲ್ಲಿ.

ಕೆಲಸದ ನಿಮಿತ್ತ ನಾನಿರೋದು ನಾಶಿಕ್‌ನಲ್ಲಿ. ಈ ಒಂದೇ ಜಿಲ್ಲೆಯಲ್ಲಿ ಎರಡು ಒಳ್ಳೆ ಉದಾಹರಣೆ ಸಿಗುತ್ತವೆ.

ಪುಣೆ ರಸ್ತೆಯಲ್ಲಿ ಸಿನ್ನರ್ ಬರುತ್ತಲ್ಲ, ಅಲ್ಲಿನ ಶಾಸಕ ಮಾಣಿಕರಾವ್ ಕೊಕಾಟೆ 2025ರಲ್ಲಿ ಮಹಾರಾಷ್ಟ್ರದ ಕೃಷಿ ಸಚಿವರಾಗಿದ್ದರು. ವಿಧಾನ ಪರಿಷತ್ತಿನಲ್ಲಿ ಕೂತು ಮೊಬೈಲ್‌ನಲ್ಲಿ ರಮ್ಮಿ ಆಡುತ್ತಿದ್ದಾರೆ ಎನ್ನುವ ವಿಡಿಯೊ ಆ ಜುಲೈನಲ್ಲಿ ಹೊರಬಂತು. ನಾನು ಆಡ್ತಿರಲಿಲ್ಲ, ತಾನಾಗೇ ಬಂದಿದ್ದನ್ನ ಮುಚ್ಚುತ್ತಿದ್ದೆ ಅಂತ ಅವರು ಹೇಳಿದರು. ಕೆಲವೇ ದಿನಗಳಲ್ಲಿ ಕೃಷಿ ಖಾತೆ ಹೋಯ್ತು, ಕ್ರೀಡಾ ಖಾತೆ ಬಂತು! ತರಗತಿಯಲ್ಲಿ ಮೊಬೈಲ್ ಹಿಡಿದ ಹುಡುಗನನ್ನ ಆಟದ ಮೈದಾನಕ್ಕೆ ಕಳಿಸಿದ ಹಾಗೆ.

ಇನ್ನೊಂದು ದಿಂಡೋರಿ. ನಾಶಿಕ್‌ನಿಂದ ಸುಮಾರು 25 ಕಿಲೋಮೀಟರ್, ದ್ರಾಕ್ಷಿ ತೋಟಗಳ ಊರು. ಇಲ್ಲಿನ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಶಾಸಕ ನರಹರಿ ಝಿರ್ವಾಳ್ ಆಗ ವಿಧಾನಸಭೆಯ ಉಪಸಭಾಧ್ಯಕ್ಷರು, ಅಂದರೆ ಶಿಸ್ತು ಕಾಯುವ ಪೀಠದವರು. 2024ರ ಅಕ್ಟೋಬರ್ 4ರಂದು ಅವರೇ ಮುಂಬೈನ ಮಂತ್ರಾಲಯದ ಮೂರನೇ ಮಹಡಿಯಿಂದ ಕೆಳಗಿನ ರಕ್ಷಣಾ ಬಲೆಗೆ ಹಾರಿದರು. ಜೊತೆಗೆ ಇನ್ನಷ್ಟು ಆದಿವಾಸಿ ಜನಪ್ರತಿನಿಧಿಗಳು. ಧನಗರ ಸಮುದಾಯವನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸಬಾರದು, ಆದಿವಾಸಿ ಪ್ರದೇಶಗಳ ನೇಮಕಾತಿ ಆಗಬೇಕು ಅನ್ನೋದು ಬೇಡಿಕೆ. ಸರ್ಕಾರ ಅವರದ್ದೇ ಮೈತ್ರಿಕೂಟದ್ದು!

ಮಹಡಿಯಿಂದ ಹಾರಿದ ಹುಡುಗನನ್ನ ಯಾವ ಶಾಲೆಯೂ ಸುಮ್ಮನೆ ಬಿಡಲ್ಲ. ಆದರೆ ಒಳ್ಳೆ ಮೇಷ್ಟ್ರು ಮೊದಲು ಕೇಳೋದು "ಯಾಕೋ ಹಾರಿದೆ?" ಅಂತ. ಸಿನ್ನರ್ ಪ್ರಕರಣಕ್ಕೂ ದಿಂಡೋರಿ ಪ್ರಕರಣಕ್ಕೂ ಇರೋ ವ್ಯತ್ಯಾಸ ಇದು. ಒಂದರಲ್ಲಿ ಸದನದ ಕಡೆ ಗಮನ ಇಲ್ಲ ಅನ್ನೋ ಆರೋಪ. ಇನ್ನೊಂದರಲ್ಲಿ ಹಾರಿದರೇ ಕೇಳ್ತಾರೆ ಅನ್ನೋ ಹತಾಶೆ. ಎರಡಕ್ಕೂ ಒಂದೇ ಬೆತ್ತ ಅಂದರೆ ಅದು ಶಿಸ್ತಲ್ಲ.

ಈಗ "ಆಚೆ ಹಾಕಿ" ಅನ್ನೋ ಮಾತಿಗೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 16ರ ಪ್ರಕಾರ ಪ್ರಾಥಮಿಕ ಶಿಕ್ಷಣ ಮುಗಿಯೋವರೆಗೆ ಮಗುವನ್ನ ಶಾಲೆಯಿಂದ ಹೊರಹಾಕುವಂತಿಲ್ಲ. ಸೆಕ್ಷನ್ 17ರ ಪ್ರಕಾರ ಹೊಡೆಯುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತಿಲ್ಲ. ಕಾರಣ ಸರಳ: ಹೊರಹಾಕಿದರೆ ತುಂಟತನಕ್ಕೆ ಶಿಕ್ಷೆ ಆಗಲ್ಲ, ಕಲಿಕೆಗೆ ಆಗುತ್ತೆ.

ಶಾಸಕರ ವಿಷಯದಲ್ಲಿ ಸುಪ್ರೀಂ ಕೋರ್ಟ್ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದೆ. 2021ರ ಜುಲೈ 5ರಂದು ಮಹಾರಾಷ್ಟ್ರ ವಿಧಾನಸಭೆ ಪೀಠದಲ್ಲಿದ್ದ ಭಾಸ್ಕರ್ ಜಾಧವ್ ಜೊತೆ ಅನುಚಿತವಾಗಿ ನಡೆದುಕೊಂಡರು ಅಂತ ಬಿಜೆಪಿಯ 12 ಶಾಸಕರನ್ನ ಒಂದು ವರ್ಷ ಅಮಾನತು ಮಾಡಿತು. 2022ರ ಜನವರಿ 28ರಂದು ಕೋರ್ಟ್ ಅದನ್ನ ರದ್ದು ಮಾಡಿತು. ಅಮಾನತು ಆ ಅಧಿವೇಶನದ ಉಳಿದ ಅವಧಿಗಿಂತ ಹೆಚ್ಚು ಇರಬಾರದು ಅಂತ ಹೇಳಿತು. ತರ್ಕ ಹೀಗಿದೆ: ಸೀಟು ಖಾಲಿಯಾದರೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ಉಪಚುನಾವಣೆ ಆಗಬೇಕು. ಆದರೆ ವರ್ಷದ ಅಮಾನತಿನಲ್ಲಿ ಸೀಟು ಖಾಲಿಯೂ ಅಲ್ಲ, ತುಂಬಿಯೂ ಇಲ್ಲ. ಕ್ಷೇತ್ರದ ಜನಕ್ಕೆ ದನಿಯೇ ಇರಲ್ಲ. ಜೊತೆಗೆ, ಬಹುಮತ ಕಡಿಮೆ ಇರುವ ಸರ್ಕಾರ ವಿರೋಧಿಗಳನ್ನ ಹೀಗೆ ಹೊರಗಿಟ್ಟು ಲೆಕ್ಕ ಸರಿಮಾಡಿಕೊಳ್ಳಬಹುದು.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಡೆವಲಪರ್ ತಪ್ಪು ಮಾಡಿದ ಅಂತ ಗ್ರಾಹಕರ ಅಕೌಂಟ್ ಬ್ಲಾಕ್ ಮಾಡಿದ ಹಾಗೆ.

ಇದು ಮಹಾರಾಷ್ಟ್ರದ ಕಥೆ ಮಾತ್ರ ಅಂದ್ಕೋಬೇಡಿ. 2025ರ ಮಾರ್ಚ್ 21ರಂದು ಕರ್ನಾಟಕ ವಿಧಾನಸಭೆಯಲ್ಲಿ ಸಭಾಧ್ಯಕ್ಷ ಯು.ಟಿ. ಖಾದರ್ ಅವರ ಪೀಠದತ್ತ ಕಾಗದ ಹರಿದು ಎಸೆದಿದ್ದಕ್ಕೆ ಬಿಜೆಪಿಯ 18 ಶಾಸಕರನ್ನ ಆರು ತಿಂಗಳು ಅಮಾನತು ಮಾಡಿದರು. ಸುಪ್ರೀಂ ಕೋರ್ಟ್ ತೀರ್ಪು ಬಂದು ಮೂರು ವರ್ಷ ಆದ ಮೇಲೆ! ಕೊನೆಗೆ ಮೇ 25ರಂದು ಅದನ್ನ ವಾಪಸ್ ಪಡೆದರು. ಕಾಗದ ಎಸೆದದ್ದು ತಪ್ಪೇ. ಆದರೆ ಮೊದಲು ಭಾರೀ ಶಿಕ್ಷೆ, ಆಮೇಲೆ ಪೂರ್ತಿ ಮಾಫಿ ಅಂದರೆ ಯಾವ ಮಗು ಏನು ಕಲಿಯುತ್ತೆ ಹೇಳಿ?

ಹಾಗಂತ ಕೋರ್ಟ್ ಹಾಕಿದ ಮಿತಿಯಲ್ಲೂ ಒಂದು ಸಂದು ಇದೆ, ಅದನ್ನ ಮುಚ್ಚಿಡಬಾರದು. ಮಾರ್ಚ್ 21 ಬಜೆಟ್ ಅಧಿವೇಶನದ ಕೊನೆಯ ದಿನ. 'ಉಳಿದ ಅವಧಿ' ಅಂದರೆ ಹೆಚ್ಚುಕಡಿಮೆ ಸೊನ್ನೆ. ಬೇಸಿಗೆ ರಜೆಯ ಹಿಂದಿನ ದಿನ ಕೊನೇ ಗಂಟೆಗೆ ಗಲಾಟೆ ಮಾಡಿದ ಹಾಗೆ. ಇಂಥ ಕಡೆ ಅಮಾನತು ಕೆಲಸಕ್ಕೆ ಬರಲ್ಲ, ಬೇರೆ ಸಾಧನ ಬೇಕು.

ಅದೇನಿರಬಹುದು? ನನಗೆ ಕಾಣೋದು ಮೂರು.

ಒಂದು, ಚಿಕ್ಕದಾದರೂ ತಪ್ಪದ ಶಿಕ್ಷೆ. ಲೋಕಸಭೆಯಲ್ಲಿ 2001ರಲ್ಲಿ ಬಂದ ನಿಯಮ 374ಎ ಇದೆ: ಪೀಠದ ಮುಂದೆ ನುಗ್ಗಿ ಗಂಭೀರ ಅಡ್ಡಿ ಮಾಡಿದವರನ್ನ ಸ್ಪೀಕರ್ ಹೆಸರಿಸಿದರೆ ಐದು ಕಲಾಪ ಅಥವಾ ಅಧಿವೇಶನದ ಉಳಿದ ಅವಧಿ, ಯಾವುದು ಕಡಿಮೆಯೋ ಅಷ್ಟು, ತಾನಾಗೇ ಅಮಾನತು. ಆದರೆ ಹೆಸರಿಸೋದು ಸ್ಪೀಕರ್ ಕೈಲಿದೆ. ಆಡಳಿತ ಪಕ್ಷದವರಿಗೂ ಅದೇ ಅಳತೆ ಹಿಡಿದರೆ ಮಾತ್ರ ಇದಕ್ಕೆ ಬೆಲೆ.

ಎರಡು, ಜೇಬಿಗೆ ತಟ್ಟುವ ಶಿಕ್ಷೆ. ಸಂಸದರ ಹಾಜರಿ ದಾಖಲಾದರೆ ಮಾತ್ರ ದಿನಭತ್ಯೆ. ಅಡ್ಡಿ ಮಾಡಿದ ದಿನದ ಭತ್ಯೆಯನ್ನೂ ಕತ್ತರಿಸಿದರೆ ನೋವು ಅವರಿಗೆ ಮಾತ್ರ, ಮತದಾರರಿಗಲ್ಲ. ಅಧಿವೇಶನದ ಕೊನೇ ದಿನಕ್ಕೂ ಇದು ಅನ್ವಯಿಸುತ್ತೆ.

ಮೂರು, ಪೋಷಕರಿಗೆ ಪ್ರಗತಿ ಪತ್ರ. ಹಾಜರಿ ಎಷ್ಟು, ಪ್ರಶ್ನೆ ಎಷ್ಟು, ಎಚ್ಚರಿಕೆ ಎಷ್ಟು ಸಲ, ಎಲ್ಲ ಒಂದೇ ಪುಟದಲ್ಲಿ ಕನ್ನಡದಲ್ಲಿ ಪ್ರತಿ ಅಧಿವೇಶನದ ನಂತರ ಕ್ಷೇತ್ರಕ್ಕೆ ತಲುಪಲಿ. ಶಾಲೆಯಲ್ಲಿ ಅಪ್ಪ ಅಮ್ಮ ಸಹಿ ಹಾಕ್ತಾರೆ. ಇಲ್ಲಿ ಪೋಷಕರು ನಾವೇ, ಸಹಿ ಮತಗಟ್ಟೆಯಲ್ಲಿ.

ನಮ್ಮಲ್ಲಿ ಎಷ್ಟೋ ಜನರ ಮತ ಇನ್ನೂ ಹಾವೇರಿ, ಹಾಸನ, ಬೀದರ್ ಕಡೆ ಇದೆ, ನಾವು ನಾಶಿಕ್, ಪುಣೆಯಲ್ಲಿದ್ದೀವಿ. ಊರಿನ ಬಸ್ಸು, ಆಸ್ಪತ್ರೆ, ಅಪ್ಪನ ಪಿಂಚಣಿ ಬಗ್ಗೆ ಸದನದಲ್ಲಿ ಕೇಳೋಕೆ ಇರೋದು ಆ ಒಬ್ಬ ಶಾಸಕ. ಅವರು ಎಸೆದ ಕಾಗದಕ್ಕೆ ಅವರೇ ಬೆಲೆ ಕಟ್ಟಲಿ. ನಮ್ಮ ಊರಿನ ಪ್ರಶ್ನೆ ಮಾತ್ರ ಒಳಗೇ ಇರಲಿ.