ಕಾಂಪ್ಲೆಕ್ಸ್ ಎದುರು ಇಡೀ ದಿನ ನಿಲ್ಲುವ ಗಾಡಿ ಯಾರದ್ದು? ಲೆಕ್ಕ ನಿಮ್ಮ ಸಿಸಿಟಿವಿಯಲ್ಲೇ ಉಂಟು

ಪುತ್ತೂರು: ಸೋಮವಾರ ಬೆಳಿಗ್ಗೆ ಪುತ್ತೂರು ಪೇಟೆಗೆ ಕಾರು ತಂದವರಿಗೆ ಕಷ್ಟ ಗೊತ್ತು. ಕಿಲ್ಲೆ ಮೈದಾನದಲ್ಲಿ ಸಂತೆ, ಮುಖ್ಯರಸ್ತೆಯಲ್ಲಿ ಬಸ್ಸು, ಎರಡೂ ಬದಿ ಗಾಡಿಗಳ ಸಾಲು. ಅಂಗಡಿಯ ಎದುರು ಜಾಗ ಸಿಗದೆ ಎರಡು ಸುತ್ತು ಹಾಕಿದ ಗಿರಾಕಿ ಮೂರನೇ ಸುತ್ತಿಗೆ ಬರುವುದಿಲ್ಲ. ಸೀದಾ ದರ್ಬೆ ಕಡೆಗೋ, ಬೊಳುವಾರು ಕಡೆಗೋ ಹೋಗಿ ಜಾಗ ಇದ್ದ ಅಂಗಡಿಯಲ್ಲಿ ಸಾಮಾನು ತೆಗೊಂಡು ಮನೆಗೆ ಹೋಗ್ತಾರೆ. ಅಂಗಡಿಯವರಿಗೆ ಹೀಗೊಬ್ಬ ಗಿರಾಕಿ ಬಂದಿದ್ದರು ಅಂತ ಗೊತ್ತೇ ಆಗುವುದಿಲ್ಲ.

ಸುಳ್ಯ ಪೇಟೆಯಲ್ಲಿ, ಕಡಬದಲ್ಲಿ ಕೂಡ ಕಥೆ ಬೇರೆ ಏನಲ್ಲ. ಬಸ್ ನಿಲ್ದಾಣದ ಹತ್ತಿರದ ಕಾಂಪ್ಲೆಕ್ಸ್‌ಗಳಲ್ಲಿ ಒಂದು ಮಾತು ಮಾಮೂಲು: "ಗಾಡಿ ನಿಲ್ಲಿಸಿ ಬಸ್ಸು ಹತ್ತಿ ಹೋದವರು ಸಂಜೆ ಬರುವುದು ಮಾರಾಯ್ರೆ." ಮಂಗಳೂರಿಗೆ ಕೆಲಸಕ್ಕೆ ಹೋಗುವವರು, ಕಾಲೇಜಿಗೆ ಹೋಗುವವರು, ಕೆಲವು ಸಲ ಅದೇ ಕಾಂಪ್ಲೆಕ್ಸಿನ ಅಂಗಡಿಯವರೇ ಬೆಳಿಗ್ಗೆ ಇಟ್ಟ ಗಾಡಿ ಸಂಜೆವರೆಗೂ ಅಲ್ಲೇ.

ಈಗ ಹೆಚ್ಚಿನ ಕಟ್ಟಡಗಳಲ್ಲಿ ಸಿಸಿಟಿವಿ ಉಂಟು. ಕಳ್ಳತನ ಆದಾಗ ನೋಡಲಿಕ್ಕೆ ಅಂತ ಹಾಕಿದ್ದು. ಅದನ್ನೇ ಪಾರ್ಕಿಂಗ್ ಸರಿ ಮಾಡಲಿಕ್ಕೆ ಬಳಸಬಹುದಾ? ಬಳಸಬಹುದು. ಆದರೆ ಕ್ಯಾಮೆರಾ ಲೆಕ್ಕ ಮಾತ್ರ ಕೊಡ್ತದೆ, ಗಾಡಿ ಎತ್ತುವುದಿಲ್ಲ. ಲೆಕ್ಕ ಇಟ್ಟುಕೊಂಡು ಎಂತ ಮಾಡಬೇಕು ಎನ್ನುವುದು ಮಾಲಕರ ಮತ್ತು ಅಂಗಡಿಯವರ ಕೈಯಲ್ಲಿದೆ.

ಮೊದಲು ನಷ್ಟದ ಲೆಕ್ಕ

ಒಂದು ಕಾಂಪ್ಲೆಕ್ಸ್ ಎದುರು 10 ಕಾರು ನಿಲ್ಲುವ ಜಾಗ ಉಂಟು ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ 10 ಗಂಟೆ. ಅಂದರೆ ದಿನಕ್ಕೆ ಒಟ್ಟು 100 ಗಂಟೆಯ ಜಾಗ.

ಅದರಲ್ಲಿ 4 ಕಾರು ಇಡೀ ದಿನ ಅಲ್ಲೇ ನಿಂತರೆ 40 ಗಂಟೆ ಹೋಯಿತು. ಒಬ್ಬ ಗಿರಾಕಿಗೆ ಸರಾಸರಿ ಅರ್ಧ ಗಂಟೆ ಸಾಕು ಎಂದಾದರೆ, ಆ 4 ಜಾಗದಲ್ಲಿ 80 ಗಿರಾಕಿಗಳು ಬಂದು ಹೋಗಬಹುದಿತ್ತು. ಎಂಬತ್ತು ಜನವೂ ಬಂದೇ ಬರ್ತಾರೆ ಅಂತಲ್ಲ. ಆದರೆ ಮಧ್ಯಾಹ್ನ 11ರಿಂದ 1ರವರೆಗೆ, ಸಂಜೆ 4ರಿಂದ 6ರವರೆಗೆ ರಶ್ಶು ಇರುವಾಗ ಆ ನಾಲ್ಕು ಜಾಗದ ಬೆಲೆ ಎಷ್ಟು ಅಂತ ಅಂಗಡಿಯವರಿಗೆ ಬೇರೆ ಹೇಳಬೇಕಾಗಿಲ್ಲ.

ಹೊಸ ಯಂತ್ರ ಬೇಡ, ಒಂದು ವಾರ ನೋಡಿ

ಖರ್ಚಿಲ್ಲದ ದಾರಿ ಇದು. ಈಗ ಇರುವ ಕ್ಯಾಮೆರಾದ ರೆಕಾರ್ಡಿಂಗ್‌ನಲ್ಲಿ ದಿನಕ್ಕೆ ಐದು ಹೊತ್ತು ಮಾತ್ರ ನೋಡಿ: ಬೆಳಿಗ್ಗೆ 9, 11, ಮಧ್ಯಾಹ್ನ 1, 3, ಸಂಜೆ 5. ಪ್ರತಿ ಹೊತ್ತಿಗೆ ನಿಂತಿರುವ ಗಾಡಿಗಳ ಕೊನೆಯ ನಾಲ್ಕು ಅಂಕೆ ಬರೆದಿಡಿ. ನಂಬರ್ ಕಾಣದಿದ್ದರೆ ಬಣ್ಣ ಮತ್ತು ಮಾಡೆಲ್ ಸಾಕು. ಸೋಮವಾರದಿಂದ ಶನಿವಾರದವರೆಗೆ ಮಾಡಿ.

ಒಂದೇ ಗಾಡಿ ದಿನಕ್ಕೆ ನಾಲ್ಕೈದು ಸಲ ಪಟ್ಟಿಯಲ್ಲಿ ಬಂದರೆ ಅದು ಇಡೀ ದಿನದ ಗಾಡಿ. ಒಮ್ಮೆ ಮಾತ್ರ ಬಂದರೆ ಗಿರಾಕಿ. ವಾರದ ಕೊನೆಗೆ ಚಿತ್ರ ಸ್ಪಷ್ಟ ಆಗ್ತದೆ. ಎಲ್ಲ ಹೊರಗಿನವರದ್ದೇ ತಪ್ಪು ಅಂತ ಮೊದಲೇ ತೀರ್ಮಾನ ಮಾಡಬೇಡಿ. ಪಟ್ಟಿಯಲ್ಲಿ ಮೇಲಿನ ಮಹಡಿಯ ಆಫೀಸಿನವರ ಬೈಕು, ನಿಮ್ಮದೇ ಅಂಗಡಿಯ ಓಮ್ನಿ ಸಿಕ್ಕಿದರೆ ಆಶ್ಚರ್ಯ ಪಡಬೇಕಾಗಿಲ್ಲ. ಹಾಗಿದ್ದರೆ ಪರಿಹಾರ ಸುಲಭ: ಅಂಗಡಿಯವರ ಮತ್ತು ಕೆಲಸದವರ ಗಾಡಿ ಹಿಂದೆ ಅಥವಾ ತಳಮಹಡಿಯಲ್ಲಿ, ಎದುರಿನ ಜಾಗ ಗಿರಾಕಿಗೆ.

ಆ ತಳಮಹಡಿ ಗೋದಾಮು ಆಗಿದ್ದರೆ? ಕಟ್ಟಡದ ನಕ್ಷೆಯಲ್ಲಿ ಪಾರ್ಕಿಂಗ್ ಅಂತ ತೋರಿಸಿದ ಜಾಗದಲ್ಲಿ ಗೋಣಿಚೀಲ ಪೇರಿಸಿಟ್ಟು ಎಷ್ಟು ಕ್ಯಾಮೆರಾ ಹಾಕಿದರೂ ಜಾಗ ಹುಟ್ಟುವುದಿಲ್ಲ.

ನಂಬರ್ ಓದುವ ಕ್ಯಾಮೆರಾ ಎಂದರೆ ಎಂತ?

ಬೆಂಗಳೂರಿನ ಟ್ರಾಫಿಕ್ ಪೊಲೀಸರು 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ತಂದ ವ್ಯವಸ್ಥೆಯಲ್ಲಿ 250 ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳಿದ್ದವು. ಅದೇ ತಂತ್ರಜ್ಞಾನ ಈಗ ದೊಡ್ಡ ಊರಿನ ಮಾಲ್, ಆಸ್ಪತ್ರೆಗಳ ಗೇಟಿಗೂ ಬಂದಿದೆ. ಗಾಡಿ ಒಳಗೆ ಬರುವಾಗ ಫೋಟೋ ತೆಗೆದು, ಅಕ್ಷರ ಮತ್ತು ಅಂಕೆ ಓದಿ, ಸಮಯ ಬರೆದಿಡ್ತದೆ. ಹೊರಗೆ ಹೋಗುವಾಗ ಪುನಃ ಓದಿ ಎಷ್ಟು ಹೊತ್ತು ನಿಂತಿತ್ತು ಅಂತ ಲೆಕ್ಕ ಹಾಕ್ತದೆ. ಒಳಗೆ ಬಂದದ್ದರಲ್ಲಿ ಹೊರಗೆ ಹೋದದ್ದು ಕಳೆದರೆ ಒಳಗೆ ಎಷ್ಟು ಗಾಡಿ ಉಂಟು ಅಂತ ಸಿಗ್ತದೆ, ಅದನ್ನು ಒಟ್ಟು ಜಾಗದಲ್ಲಿ ಕಳೆದು ಎಷ್ಟು ಖಾಲಿ ಅಂತ ಗೇಟಿನ ಬೋರ್ಡಿನಲ್ಲಿ ತೋರಿಸಬಹುದು.

ಆದರೆ ಇದಕ್ಕೆ ಒಂದು ಒಳದಾರಿ, ಒಂದು ಹೊರದಾರಿ ಬೇಕು. ರಸ್ತೆಗೆ ಪೂರ್ತಿ ತೆರೆದುಕೊಂಡ, ಯಾವ ಕಡೆಯಿಂದ ಬೇಕಾದರೂ ನುಗ್ಗಬಹುದಾದ ಅಂಗಳಕ್ಕೆ ಇದು ಆಗುವುದಿಲ್ಲ. ನಮ್ಮ ಮೂರು ತಾಲೂಕಿನ ಪೇಟೆಗಳಲ್ಲಿ ಹಳೆಯ ಕಾಂಪ್ಲೆಕ್ಸ್‌ಗಳು ಬಹಳಷ್ಟು ಹೀಗೇ ಇರುವುದು. ಅಂಥಲ್ಲಿ ಹಣ ಹಾಕುವ ಮೊದಲು ನಾಲ್ಕು ಸಲ ಯೋಚಿಸಿ. ಗೇಟು ಇರುವ ಆಸ್ಪತ್ರೆ, ಕಲ್ಯಾಣ ಮಂಟಪ, ಹೊಸ ಕಾಂಪ್ಲೆಕ್ಸಿಗೆ ಸರಿ.

ಮಾಡಿನಲ್ಲಿರುವ ಕ್ಯಾಮೆರಾಕ್ಕೆ ನಂಬರ್ ಕಾಣುವುದಿಲ್ಲ

ಇದು ನನಗೇ ಆದ ಅನುಭವ. ಎರಡು ವರ್ಷದ ಹಿಂದೆ ಒಂದು ಕಾಂಪ್ಲೆಕ್ಸಿನಲ್ಲಿ ನಿಲ್ಲಿಸಿದ ನನ್ನ ಬೈಕಿಗೆ ಯಾರೋ ಕಾರು ತಾಗಿಸಿ ಹೋದರು. ಇಂಡಿಕೇಟರ್ ಪುಡಿ, ಹ್ಯಾಂಡಲ್ ವಾಲಿತ್ತು. ಮಾಲಕರು ಒಳ್ಳೆಯವರೇ, ಕೂತುಕೊಂಡು ವಿಡಿಯೋ ತೋರಿಸಿದರು. ಕಾರು ಹಿಂದೆ ಬಂದದ್ದು ಕಾಣ್ತದೆ, ತಾಗಿದ್ದು ಕಾಣ್ತದೆ, ನಂಬರ್ ಮಾತ್ರ ಬಿಳಿ ಚುಕ್ಕೆ. "ಕ್ಯಾಮೆರಾ ಉಂಟಲ್ಲ ಅಂತ ನಾವೂ ಧೈರ್ಯದಲ್ಲಿದ್ದೆವು" ಅಂದರು. ರಿಪೇರಿಗೆ ಕೊಟ್ಟದ್ದು ನನ್ನ ಜೇಬಿನಿಂದ.

ಕಾರಣ ಸರಳ. ಮಾಡಿನ ಹತ್ತಿರ ಹಾಕಿದ ಅಗಲ ನೋಟದ ಕ್ಯಾಮೆರಾ ಇಡೀ ಅಂಗಳ ತೋರಿಸ್ತದೆ, ಆದರೆ ಪ್ರತಿ ಗಾಡಿಯೂ ಸಣ್ಣದಾಗಿ ಕಾಣ್ತದೆ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 1920 ಚುಕ್ಕೆ. ನಂಬರ್ ಸರಿಯಾಗಿ ಓದಬೇಕಾದರೆ ಪ್ಲೇಟಿನ ಮೇಲೆ ಸುಮಾರು 100 ಚುಕ್ಕೆಯಾದರೂ ಬೀಳಬೇಕು. ಕಾರಿನ ಪ್ಲೇಟ್ 50 ಸೆಂಟಿಮೀಟರ್ ಉದ್ದ, ಬೈಕಿನ ಹಿಂದಿನದ್ದು 20 ಸೆಂಟಿಮೀಟರ್ ಮಾತ್ರ. ಲೆಕ್ಕ ಹಾಕಿದರೆ, ಬೈಕಿನ ನಂಬರ್ ಬೇಕು ಎಂದಾದರೆ ಒಂದು ಕ್ಯಾಮೆರಾ ಸುಮಾರು ನಾಲ್ಕು ಮೀಟರ್ ಅಗಲವನ್ನು ಮಾತ್ರ ನೋಡಬೇಕು. ಅಂದರೆ ಒಂದು ಗೇಟು.

ಹಾಗಾಗಿ ಎರಡು ಕೆಲಸಕ್ಕೆ ಎರಡು ಕ್ಯಾಮೆರಾ. ಅಂಗಳ ನೋಡಲಿಕ್ಕೆ ಮೇಲೆ ಒಂದು, ನಂಬರ್ ಹಿಡಿಯಲಿಕ್ಕೆ ದಾರಿಯ ಬದಿಯಲ್ಲಿ ತಗ್ಗಿನಲ್ಲಿ ಒಂದು. ಎರಡನೆಯದ್ದು ಗಾಡಿಗೆ ಆದಷ್ಟು ನೇರ ಇರಬೇಕು. ಹಾಕಿದವರು ಹೋಗುವ ಮೊದಲು ರಾತ್ರಿ ಹೆಡ್‌ಲೈಟ್ ಹಾಕಿದ ಗಾಡಿ ತರಿಸಿ ನಂಬರ್ ಕಾಣ್ತದಾ ಅಂತ ನೋಡಿಯೇ ದುಡ್ಡು ಕೊಡಿ.

2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಕಂಪೆನಿಯಿಂದಲೇ ಬರ್ತದೆ. ಅಕ್ಷರ ಒಂದೇ ಅಳತೆಯಲ್ಲಿ ಇರುವುದರಿಂದ ಯಂತ್ರಕ್ಕೆ ಓದಲಿಕ್ಕೆ ಸುಲಭ. ನಮ್ಮ ಕೆಎ 21 ಗಾಡಿಗಳಲ್ಲಿ ಇನ್ನೂ ಕಾಣುವ ಹಳೆಯ ಸ್ಟೈಲಿನ, ಓರೆ ಅಕ್ಷರದ ಪ್ಲೇಟುಗಳಲ್ಲಿ ತಪ್ಪು ಬರ್ತದೆ. ಯಂತ್ರ ಹೇಳಿದ್ದೇ ಸತ್ಯ ಅಂತ ಗಿರಾಕಿ ಹತ್ತಿರ ಜಗಳಕ್ಕೆ ಹೋಗುವ ಮೊದಲು ಫೋಟೋ ನೋಡಿ.

ಮಳೆ, ಸಿಡಿಲು, ಜೇಡರ ಬಲೆ

ಕ್ಯಾಮೆರಾ ಹಾಕಿದರೆ ಮುಗಿಯಲಿಲ್ಲ. ರಾತ್ರಿ ಕ್ಯಾಮೆರಾದ ಬೆಳಕಿಗೆ ಹುಳ ಬರ್ತದೆ, ಹುಳಕ್ಕೆ ಜೇಡ ಬರ್ತದೆ. ಬಲೆ ಕಟ್ಟಿದರೆ ಆ ಬೆಳಕು ಬಲೆಗೆ ಬಿದ್ದು ಚಿತ್ರ ಪೂರ್ತಿ ಬಿಳಿ. ತಿಂಗಳಿಗೆ ಎರಡು ಸಲ ಒರೆಸಿ. ಮಳೆಗಾಲದಲ್ಲಿ ಗ್ಲಾಸಿನ ಮೇಲೆ ನೀರಿನ ಹನಿ ನಿಲ್ಲದ ಹಾಗೆ ಮೇಲೆ ಸಣ್ಣ ಮಾಡು ಬೇಕು.

ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಸಿಡಿಲು ನಮ್ಮ ಕಡೆ ಕ್ಯಾಮೆರಾದ ದೊಡ್ಡ ಶತ್ರು. ಹೊರಗೆ ಎಳೆದ ಉದ್ದ ವಯರಿನಲ್ಲಿ ಬಂದು ರೆಕಾರ್ಡ್ ಮಾಡುವ ಡಿವಿಆರ್ ಅನ್ನೇ ಸುಡ್ತದೆ. ಸರಿಯಾದ ಅರ್ಥಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್‌ಗೆ ಕಂಜೂಸು ಮಾಡಬೇಡಿ. ಗುಡುಗು ಬಂದಾಗ ಪ್ಲಗ್ ತೆಗೆಯುವ ಅಭ್ಯಾಸ ಇದ್ದವರು ಪುನಃ ಹಾಕಲಿಕ್ಕೆ ನೆನಪಿಟ್ಟುಕೊಳ್ಳಿ, ಗಡಿಯಾರವೂ ಸರಿ ಉಂಟಾ ನೋಡಿ. ಸಮಯ ತಪ್ಪಿದ ವಿಡಿಯೋ ಠಾಣೆಯಲ್ಲಿ ತೋರಿಸುವಾಗ ಪ್ರಶ್ನೆ ಏಳ್ತದೆ.

ಎಷ್ಟು ದಿನ ಇಡಬೇಕು?

ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ 2017ರಲ್ಲಿ ಬಂದಿದೆ. ಒಂದೇ ಹೊತ್ತಿಗೆ 100 ಅಥವಾ ದಿನಕ್ಕೆ 500 ಜನ ಸೇರುವ ವಾಣಿಜ್ಯ ಕಟ್ಟಡ, ಆಸ್ಪತ್ರೆ, ಧಾರ್ಮಿಕ ಸ್ಥಳ ಮುಂತಾದ ಕಡೆ ಸಿಸಿಟಿವಿ ಇರಬೇಕು, ವಿಡಿಯೋ 30 ದಿನ ಉಳಿಸಿರಬೇಕು ಅಂತ ಅದು ಹೇಳ್ತದೆ. ಸಂತೆ ದಿನ ರಶ್ಶು ಇರುವ ಕಾಂಪ್ಲೆಕ್ಸ್‌ಗಳು ಇದನ್ನು ಗಮನಿಸಬೇಕು.

ಈಗ ನಿಮ್ಮ ಹಾರ್ಡ್‌ಡಿಸ್ಕ್ ನೋಡಿ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ದಿನಕ್ಕೆ ಸುಮಾರು 21 ಜಿಬಿ ತುಂಬಿಸ್ತದೆ. ನಾಲ್ಕು ಕ್ಯಾಮೆರಾಕ್ಕೆ 86 ಜಿಬಿ. 1 ಟಿಬಿ ಡಿಸ್ಕ್ ಇದ್ದರೆ 11-12 ದಿನಕ್ಕೇ ಹಳೆಯದ್ದು ಅಳಿಸಿ ಹೋಗ್ತದೆ. 30 ದಿನಕ್ಕೆ ಸುಮಾರು 2.6 ಟಿಬಿ ಬೇಕು. ಅಂದರೆ ಅಂಗಡಿಯಲ್ಲಿ 4 ಟಿಬಿ ಡಿಸ್ಕ್ ಕೇಳುವುದು ಒಳ್ಳೆಯದು.

ಮಾಲಕರು ಏನು ಮಾಡಬಹುದು, ಏನು ಮಾಡಬಾರದು

* ನಿಮ್ಮ ಜಾಗದಲ್ಲಿ ನಿಯಮ ಮಾಡಬಹುದು. "ಗಿರಾಕಿಗಳಿಗೆ ಮಾತ್ರ, 1 ಗಂಟೆ", "ಇಲ್ಲಿ ಸಿಸಿಟಿವಿ ಇದೆ" ಎಂದು ದೊಡ್ಡ ಅಕ್ಷರದ ಕನ್ನಡ ಬೋರ್ಡು ಹಾಕಿ. ಕಾಸರಗೋಡು ಕಡೆಯ ಗಾಡಿಗಳೂ ಬರುವುದರಿಂದ ಮಲಯಾಳದಲ್ಲೂ ಒಂದು ಸಾಲು ಇದ್ದರೆ ಒಳ್ಳೆಯದು. ನೆಲದಲ್ಲಿ ಬಿಳಿ ಗೆರೆ ಎಳೆಸಿ. ಗೆರೆ ಇದ್ದರೆ ಅರ್ಧ ಜಗಳ ಕಡಿಮೆ.
* ಗಾಳಿ ತೆಗೆಯುವುದು, ಚೈನು ಹಾಕಿ ಬೀಗ ಜಡಿಯುವುದು ಬೇಡ. ಗಾಡಿಗೆ ಹಾನಿ ಮಾಡಿದರೆ ಕೇಸು ನಿಮ್ಮ ಮೇಲೆಯೇ ಬರ್ತದೆ. ಖಾಸಗಿಯವರು ಪೊಲೀಸರ ಹಾಗೆ ದಂಡ ಹಾಕುವಂತೆಯೂ ಇಲ್ಲ.
* ಎದುರಿನ ರಸ್ತೆ ನಿಮ್ಮದಲ್ಲ. ಅಲ್ಲಿ ಅಡ್ಡ ನಿಂತ ಗಾಡಿ ತೆಗೆಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯಲ್ಲಿ ಪೊಲೀಸರಿಗೆ ಉಂಟು. ಪುತ್ತೂರಿನವರು ಸಂಚಾರ ಠಾಣೆಗೆ ಹೇಳಬಹುದು. ಬೇರೆ ಕಡೆ ನಿಮ್ಮ ಠಾಣೆ, ಇಲ್ಲವೇ 112.
* ನಿಮ್ಮ ಕ್ಯಾಮೆರಾ ನೋಡಿ ಚಲನ್ ಬರುವುದಿಲ್ಲ. 2021ರ ಕೇಂದ್ರ ನಿಯಮದಂತೆ ಎಲೆಕ್ಟ್ರಾನಿಕ್ ಚಲನ್‌ಗೆ ಸರಕಾರ ಒಪ್ಪಿದ, ಪ್ರಮಾಣಪತ್ರ ಇರುವ ಉಪಕರಣ ಬೇಕು.
* ವಿಡಿಯೋ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. "ಈ ಗಾಡಿಯವರು ಯಾರು ನೋಡಿ" ಅಂತ ಹಾಕಿದ್ದು ಸಂಜೆಯೊಳಗೆ ಮೂರು ತಾಲೂಕು ಸುತ್ತುತ್ತದೆ, ಗಾಡಿಯಲ್ಲಿದ್ದ ಹೆಂಗಸರ, ಮಕ್ಕಳ ಮುಖದ ಸಮೇತ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲೇ ಕಾಯ್ದೆ ಆಗಿದೆ. ಡಿವಿಆರ್‌ನ ಪಾಸ್‌ವರ್ಡ್ ಕೂಡ ಬದಲಾಯಿಸಿ. ಹಾಕಿದವರು ಕೊಟ್ಟ 1234, 12345 ಹಾಗೇ ಬಿಡಬೇಡಿ.

"ಮಾಲಕರದ್ದೇ ಜವಾಬ್ದಾರಿ" ಬೋರ್ಡು ಸಾಕಾ?

"ವಾಹನ ಕಳವಾದರೆ ನಾವು ಹೊಣೆಯಲ್ಲ" ಎನ್ನುವ ಬೋರ್ಡು ಎಲ್ಲ ಕಡೆ ಉಂಟು. ಅದು ಎಲ್ಲ ಸಂದರ್ಭಕ್ಕೂ ರಕ್ಷಣೆ ಅಲ್ಲ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಸಿಬ್ಬಂದಿಗೆ ಕೀ ಕೊಟ್ಟು ನಿಲ್ಲಿಸಿದ ಮಾರುತಿ ಝೆನ್ ಕಾರು ಕಳವಾಗಿತ್ತು. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಹೋಟೆಲಿನವರ ನಿರ್ಲಕ್ಷ್ಯ ಇದ್ದರೆ ಇಂಥ ಬೋರ್ಡು ತೋರಿಸಿ ಹೊಣೆಯಿಂದ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ ಎಂದು ಹೇಳಿತು.

ಅಲ್ಲಿ ಮುಖ್ಯ ಆದದ್ದು ಕೀ ಕೊಟ್ಟದ್ದು. ನೀವೇ ನಿಲ್ಲಿಸಿ ಕೀ ಜೇಬಿಗೆ ಹಾಕಿಕೊಂಡು ಹೋದರೆ ವಿಷಯ ಬೇರೆ. ಆದರೆ ಮದುವೆ ಹಾಲ್, ಹೋಟೆಲ್‌ಗಳಲ್ಲಿ ಕೀ ತೆಗೆದುಕೊಂಡು ಗಾಡಿ ನಿಲ್ಲಿಸುವವರು ಟೋಕನ್ ಕೊಡಬೇಕು, ಗೇಟಿನಲ್ಲಿ ನಂಬರ್ ಕಾಣುವ ಕ್ಯಾಮೆರಾ ಇಡಬೇಕು. ಅದು ಗಿರಾಕಿಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ಗಾಡಿಗೆ ಹಾನಿ ಆದರೆ ಸಾರ್ವಜನಿಕರು ಎಂತ ಮಾಡಬೇಕು?

ಕೂಡಲೇ ಸಮಯ ಬರೆದಿಡಿ, ಗಾಡಿ ಇದ್ದ ಹಾಗೆಯೇ ಫೋಟೋ ತೆಗೆಯಿರಿ. ಅದೇ ದಿನ ಕಟ್ಟಡದವರ ಹತ್ತಿರ ಹೋಗಿ ಆ ಹೊತ್ತಿನ ವಿಡಿಯೋ ತೆಗೆದಿಡಲಿಕ್ಕೆ ಹೇಳಿ. ಹತ್ತು ದಿನ ಬಿಟ್ಟು ಹೋದರೆ ಅಳಿಸಿ ಹೋಗಿರಬಹುದು. ನಂತರ ಠಾಣೆಗೆ ದೂರು ಕೊಡಿ. ಕಾಯ್ದೆಯ ಅಡಿ ಬರುವ ಕಟ್ಟಡದವರು ಪೊಲೀಸರು ಕೇಳಿದಾಗ ವಿಡಿಯೋ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 63ರ ಪ್ರಕಾರ ಕೋರ್ಟಿಗೆ ಹೋಗುವ ವಿಡಿಯೋ ಜೊತೆ ಪ್ರಮಾಣಪತ್ರ ಬೇಕು. ಮೊಬೈಲಿನಲ್ಲಿ ಸ್ಕ್ರೀನಿನ ವಿಡಿಯೋ ಮಾಡಿಕೊಂಡದ್ದು ನೆನಪಿಗೆ ಆಗಬಹುದು, ಅಷ್ಟನ್ನೇ ನಂಬಬೇಡಿ.

ಕೊನೆಗೆ ಇನ್ನೊಂದು ಮಾತು. ಬೆಳಿಗ್ಗೆ ಗಾಡಿ ನಿಲ್ಲಿಸಿ ಬಸ್ಸು ಹತ್ತುವವರು ಕೂಡ ನಮ್ಮದೇ ಊರಿನವರು. ಸಂಜೆ ಬರುವಾಗ ಅದೇ ಅಂಗಡಿಯಲ್ಲಿ ಹಾಲು, ತರಕಾರಿ ತೆಗೊಳ್ಳುವವರೂ ಇರಬಹುದು. ಪಟ್ಟಿ ಕೈಯಲ್ಲಿ ಇದ್ದರೆ ಬೈಯಬೇಕಾಗಿಲ್ಲ. "ಅಣ್ಣಾ, ಎದುರು ಗಿರಾಕಿಗೆ ಬೇಕು, ನೀವು ಹಿಂದೆ ಇಡಿ" ಅಂತ ಹೇಳಿದರೆ ಹೆಚ್ಚಿನವರು ಕೇಳ್ತಾರೆ. ಹಿಂದೆ ಜಾಗ ಇದ್ದರೆ ತಿಂಗಳಿಗೆ ಇಷ್ಟು ಅಂತ ಮಾತಾಡಿಯೂ ಕೊಡಬಹುದು. ಬರುವ ಸೋಮವಾರದಿಂದ ಒಂದು ವಾರ ಲೆಕ್ಕ ಬರೆದು ನೋಡಿ. ಹೊಸ ಕ್ಯಾಮೆರಾ ಬೇಕಾ ಬೇಡವಾ ಅಂತ ಆಮೇಲೆ ನೀವೇ ಹೇಳ್ತೀರಿ.